ಮಧ್ಯಾಹ್ನದ ಕರೆಂಟು ಸಂಜೆ ಏಳಕ್ಕೆ ಸಿಗುವುದು ಹೇಗೆ?

ಬಿಸಿಲಿನಿಂದ ಬೇಕಾದಷ್ಟು ಕರೆಂಟು ಮಾಡಲು ಬರುತ್ತದೆಯೇ ಎಂಬ ಪ್ರಶ್ನೆ ಕರ್ನಾಟಕದ ಮಟ್ಟಿಗೆ ಮುಗಿದು ವರ್ಷಗಳಾದವು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ 2019ರ ಕೊನೆಗೇ ಪೂರ್ತಿಯಾಗಿ ಚಾಲೂ ಆಯಿತು. ರಾಜ್ಯದ ಒಟ್ಟು ಸೌರ ಸಾಮರ್ಥ್ಯ ಈಗ 9,000 ಮೆಗಾವ್ಯಾಟ್ ದಾಟಿದೆ, ಗಾಳಿಯದು 7,000 ದಾಟಿದೆ. ಇಷ್ಟಿದ್ದೂ 2023ರ ಅಕ್ಟೋಬರ್‌ನಲ್ಲಿ ಹಳ್ಳಿಗಳಿಗೆ ಬರುತ್ತಿದ್ದ ತ್ರೀ ಫೇಸ್ ಕರೆಂಟಿನ ಅವಧಿಗೆ ಕತ್ತರಿ ಬಿತ್ತು. ರೈತರು ಪ್ರತಿಭಟನೆಗೆ ಇಳಿದರು. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ಇಲ್ಲಿಗೇ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು ಆದೇಶ ಮಾಡಬೇಕಾಯಿತು.

ಅವತ್ತು ಕೊರತೆಯಾದದ್ದು ಏಕೆಂದು ಬಿಡಿಸಿ ನೋಡಿದರೆ ಹಸಿರು ಇಂಧನದ ಅರ್ಧ ಕಥೆ ತಿಳಿಯುತ್ತದೆ. ನಮ್ಮಲ್ಲಿ ಗಾಳಿಯಂತ್ರಗಳ ವರ್ಷದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಆಗಿಹೋಗುತ್ತದೆ. ಅಕ್ಟೋಬರ್ ಹೊತ್ತಿಗೆ ಗದಗ, ಕೊಪ್ಪಳ, ಚಿತ್ರದುರ್ಗದ ಗುಡ್ಡಗಳಲ್ಲಿ ರೆಕ್ಕೆಗಳು ಸೋಮಾರಿಯಾಗುತ್ತವೆ. ಆ ವರ್ಷ ಮುಂಗಾರು ಕೈಕೊಟ್ಟಿದ್ದರಿಂದ ಜಲಾಶಯಗಳು ತುಂಬಿರಲಿಲ್ಲ. ಮಳೆ ಬಾರದ ಹೊಲಕ್ಕೆ ನೀರು ಹಾಯಿಸಲು ಪಂಪ್‌ಸೆಟ್‌ಗಳು ಹೊತ್ತಿಗೆ ಮೊದಲೇ ಓಡಲು ಶುರುವಾದವು. ಬಿಸಿಲು ಮಾತ್ರ ಬೇಕಾದಷ್ಟಿತ್ತು, ಆದರೆ ಅದು ಸಂಜೆ ಆರಕ್ಕೆ ಮುಗಿಯುವ ಸರಕು.

ಹಾಗಾಗಿ ಇನ್ನೆಷ್ಟು ಸಾವಿರ ಮೆಗಾವ್ಯಾಟ್ ಹಾಕಬೇಕು ಎನ್ನುವುದಕ್ಕಿಂತ, ಹನ್ನೆರಡು ಗಂಟೆಯ ಕರೆಂಟನ್ನು ಏಳು ಗಂಟೆಗೆ ಒಯ್ಯುವುದು ಹೇಗೆ, ಅಥವಾ ಏಳು ಗಂಟೆಯ ಕೆಲಸವನ್ನೇ ಹನ್ನೆರಡಕ್ಕೆ ಎಳೆದು ತರುವುದು ಹೇಗೆ ಎನ್ನುವುದೇ ಈಗಿನ ಪ್ರಶ್ನೆ. ಎರಡನೆಯದು ಅಗ್ಗ. ನಮ್ಮಲ್ಲಿ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತಿದೆ.

ಒಂದು ಲೆಕ್ಕ ಮೊದಲೇ ಸರಿಮಾಡಿಕೊಳ್ಳಬೇಕು. ಮೆಗಾವ್ಯಾಟ್ ಎಂದರೆ ಆ ಕ್ಷಣದ ಶಕ್ತಿ, ಯೂನಿಟ್ ಎಂದರೆ ಹೊತ್ತು ಕಳೆದಂತೆ ಕೂಡಿಬಂದ ಮೊತ್ತ. 2,050 ಮೆಗಾವ್ಯಾಟ್‌ನ ಪಾರ್ಕ್ ಅಷ್ಟು ಕೊಡುವುದು ನಿರ್ಮಲ ದಿನದ ನಡುಹೊತ್ತಿನಲ್ಲಿ ಮಾತ್ರ. ರಾತ್ರಿ, ಮೋಡ, ಧೂಳು ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ ನಾಲ್ಕನೇ ಅಥವಾ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಕಲ್ಲಿದ್ದಲಿನ ಒಂದು ಮೆಗಾವ್ಯಾಟನ್ನೂ ಸೌರದ ಒಂದು ಮೆಗಾವ್ಯಾಟನ್ನೂ ಪಕ್ಕಪಕ್ಕ ಇಟ್ಟು ಕೂಡಿಸುವ ಪ್ರಕಟಣೆಗಳನ್ನು ಓದುವಾಗ ಇದು ನೆನಪಿರಲಿ.

ಗ್ರಿಡ್‌ನಲ್ಲಿ ಒಂದು ದಿನ

ಗ್ರಿಡ್, ಅಂದರೆ ಉತ್ಪಾದನೆಯ ಜಾಗಗಳನ್ನೂ ಬಳಸುವವರನ್ನೂ ಜೋಡಿಸುವ ತಂತಿಗಳ ಜಾಲ, ತಾನಾಗಿ ಏನನ್ನೂ ಕೂಡಿಡುವುದಿಲ್ಲ. ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸರಿದೂಗಿದರಷ್ಟೇ ಫ್ರೀಕ್ವೆನ್ಸಿ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ) 49.90ರಿಂದ 50.05 ಹರ್ಟ್ಜ್ ನಡುವೆ ನಿಲ್ಲುತ್ತದೆ. ಬೆಳಗ್ಗೆ ಎಂಟರ ನಂತರ ಸೌರ ವಿದ್ಯುತ್ತು ಸಾವಿರ ಸಾವಿರ ಮೆಗಾವ್ಯಾಟ್ ಲೆಕ್ಕದಲ್ಲಿ ನುಗ್ಗಿ ಬರುತ್ತದೆ. ಅದಕ್ಕೆ ಜಾಗ ಬಿಡಲು ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲು ಘಟಕಗಳು ತಗ್ಗಬೇಕು. ಆದರೆ ಕಲ್ಲಿದ್ದಲು ಘಟಕವನ್ನು ಬೇಕೆಂದಾಗ ಆರಿಸಿ, ಬೇಕೆಂದಾಗ ಹೊತ್ತಿಸಲು ಬರುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದಂತೆ ಅದು ತನ್ನ ಸಾಮರ್ಥ್ಯದ ಶೇ. 55ರ ತನಕ ಇಳಿಯುವಂತಿರಬೇಕು, ಮುಂದೆ ಹಂತಹಂತವಾಗಿ ಶೇ. 40ರ ತನಕ. ರಾಯಚೂರಿನ ಹಳೆಯ 210 ಮೆಗಾವ್ಯಾಟ್ ಘಟಕಕ್ಕೆ ಶೇ. 55 ಎಂದರೆ ಸುಮಾರು 115. ಅದಕ್ಕಿಂತ ತೀರಾ ಕೆಳಗೆ ಹೋದರೆ ಬಾಯ್ಲರಿನ ಜ್ವಾಲೆ ನಿಲ್ಲುವುದಿಲ್ಲ, ಎಣ್ಣೆ ಸುರಿದು ಉರಿಸಬೇಕಾಗುತ್ತದೆ. ದಿನವೂ ಏರಿಳಿಸಿದರೆ ಬಾಯ್ಲರ್ ಕೊಳವೆಗಳು ಹಿಗ್ಗಿ ಕುಗ್ಗಿ ಸೋರಲು ಶುರುಮಾಡುತ್ತವೆ. ಪೂರ್ತಿ ತಣ್ಣಗಾದ ಘಟಕ ಮತ್ತೆ ಮೇಲೇಳಲು ಎಷ್ಟೋ ತಾಸು ಬೇಕು, ಸಂಜೆಯ ಬೇಡಿಕೆ ಅಷ್ಟು ಹೊತ್ತು ಕಾಯುವುದಿಲ್ಲ.

ಸಂಜೆ ಐದೂವರೆಯಿಂದ ಏಳರ ನಡುವೆ ಸೌರ ಸೊನ್ನೆಗೆ ಬರುತ್ತದೆ. ಅದೇ ಹೊತ್ತಿಗೆ ಮನೆಗಳ ದೀಪ, ಟಿ.ವಿ., ಮಿಕ್ಸಿ, ಅಂಗಡಿಗಳ ಸಾಲು ಎಲ್ಲವೂ ಜೀವ ಪಡೆಯುತ್ತವೆ. ಈ ಒಂದೂವರೆ ತಾಸಿನ ಏರು ಎಷ್ಟು ಕಡಿದಾಗಿದೆ ಎನ್ನುವುದರ ಮೇಲೆ ಇಡೀ ದಿನದ ಖರ್ಚು ನಿಂತಿದೆ. ಕರೆಂಟನ್ನು ಕೊಳ್ಳುವ, ಮಾರುವ ಮಾರುಕಟ್ಟೆಯಾದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್‌ಗೆ 10 ರೂಪಾಯಿಯ ಮಿತಿ ಇದೆ. ಬೇಸಿಗೆಯ ಸಂಜೆಗಳಲ್ಲಿ ದರ ಆ ಮಿತಿಯನ್ನೇ ಮುಟ್ಟುತ್ತದೆ, ಬಿಸಿಲಿನ ಹೊತ್ತಿನಲ್ಲಿ ಬಹುತೇಕ ಸೊನ್ನೆಗೆ ಇಳಿದದ್ದೂ ಉಂಟು. ಎರಡೂ ಒಂದೇ ದೇಶದ ಗ್ರಿಡ್, ಒಂದೇ ತಂತಿ.

ಈ ಏರನ್ನು ಈಗ ಹೊರುತ್ತಿರುವುದು ಬಹುಮಟ್ಟಿಗೆ ನಮ್ಮ ಹಳೆಯ ಜಲವಿದ್ಯುತ್. 1,035 ಮೆಗಾವ್ಯಾಟ್‌ನ ಶರಾವತಿ, ಕಾಳಿ ನದಿಯ ನಾಗಝರಿ, ವಾರಾಹಿ ಇವೆಲ್ಲ ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಬರಬಲ್ಲವು. ಹಗಲು ಸೌರ ಹರಿಯುವಾಗ ಇವನ್ನು ನಿಲ್ಲಿಸಿ ನೀರು ಉಳಿಸಿ, ಸಂಜೆ ಓಡಿಸಿದರೆ ಹೊಸದಾಗಿ ಒಂದು ರೂಪಾಯಿ ಹಾಕದೆ ದೊಡ್ಡ ಬ್ಯಾಟರಿ ಸಿಕ್ಕಂತೆ. 151 ಟಿಎಂಸಿ ಹಿಡಿಯುವ ಲಿಂಗನಮಕ್ಕಿಯ ನಿಜವಾದ ಬೆಲೆ ಇವತ್ತು ಅದು ವರ್ಷಕ್ಕೆ ಎಷ್ಟು ಯೂನಿಟ್ ಕೊಡುತ್ತದೆ ಎನ್ನುವುದರಲ್ಲಿಲ್ಲ, ಯಾವ ಗಂಟೆಯಲ್ಲಿ ಕೊಡುತ್ತದೆ ಎನ್ನುವುದರಲ್ಲಿದೆ. ಮಳೆ ಕೈಕೊಟ್ಟ ವರ್ಷ ಈ ಉಪಾಯವೂ ಕೈಕೊಡುತ್ತದೆ ಎನ್ನುವುದು 2023ರ ಪಾಠ.

ಪಂಪ್‌ಸೆಟ್ ಎಂಬ ದೊಡ್ಡ ಅವಕಾಶ

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ಕರೆಂಟು ಹಂಚುವ ಸರ್ಕಾರಿ ಕಂಪನಿಗಳಾದ ಎಸ್ಕಾಂಗಳು ಕೊಡುವ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಇವುಗಳಿಗೇ ಹೋಗುತ್ತದೆ. 10 ಎಚ್‌ಪಿವರೆಗೆ ರೈತನಿಗೆ ಬಿಲ್ ಇಲ್ಲ, ಆ ಹಣವನ್ನು ಸರ್ಕಾರ ಎಸ್ಕಾಂಗೆ ತುಂಬಿಕೊಡಬೇಕು. ದಿನಕ್ಕೆ ಏಳು ತಾಸು ತ್ರೀ ಫೇಸ್ ಎನ್ನುವುದು ಕಾಗದದ ಮೇಲಿನ ನಿಯಮ.

ದೀಪ ಸಂಜೆಯೇ ಬೇಕು, ಅಡುಗೆಮನೆಯ ಮಿಕ್ಸಿ ಬೆಳಗ್ಗೆಯೇ ಬೇಕು. ಆದರೆ ಹೊಲಕ್ಕೆ ನೀರು ಯಾವ ಗಂಟೆಯಲ್ಲಿ ಹರಿದರೂ ಬೆಳೆಗೆ ಹೆಚ್ಚು ವ್ಯತ್ಯಾಸವಿಲ್ಲ. ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಹಾವು, ಚಿರತೆ, ಆನೆಗಳ ಭಯದಲ್ಲಿ ಹೊಲಕ್ಕೆ ಹೋಗುವ ರೈತ ಮೊದಲಿಂದಲೂ ಹಗಲು ಕೊಡಿ ಎಂದೇ ಕೇಳುತ್ತಿದ್ದಾನೆ. ರೈತನ ಬೇಡಿಕೆಯೂ ಗ್ರಿಡ್‌ನ ಅನುಕೂಲವೂ ಒಂದೇ ಕಡೆ ವಾಲುವ ಸಂದರ್ಭ ಈ ಕ್ಷೇತ್ರದಲ್ಲಿ ಅಪರೂಪ. ಪಂಪ್‌ಸೆಟ್‌ಗಳನ್ನು ಹಗಲಿಗೆ ಸರಿಸುತ್ತ ಬಂದಂತೆ ಈಗ ರಾಜ್ಯದ ಅತಿ ಹೆಚ್ಚಿನ ಬೇಡಿಕೆ ಬೇಸಿಗೆಯ ಹಗಲಿನಲ್ಲೇ ಕಾಣುತ್ತಿದೆ. 2024ರ ಮಾರ್ಚ್‌ನಲ್ಲಿ ಅದು 17,000 ಮೆಗಾವ್ಯಾಟ್ ದಾಟಿತು. ಪತ್ರಿಕೆಗಳಲ್ಲಿ ಇದು ಆತಂಕದ ಸುದ್ದಿಯಾಯಿತು. ಸೌರವಿರುವ ಹೊತ್ತಿಗೆ ಬೇಡಿಕೆ ಏರುವುದರಲ್ಲಿ ಆತಂಕ ಪಡುವಂಥದ್ದು ಅಷ್ಟೇನಿಲ್ಲ, ಹಾಗಾಗಬೇಕೆಂದೇ ಮಾಡಿದ್ದು.

ಕೇಂದ್ರದ ಪಿಎಂ ಕುಸುಮ್ ಯೋಜನೆ ಇದನ್ನು ಎರಡು ದಾರಿಯಲ್ಲಿ ಮಾಡುತ್ತದೆ. ಒಂದು, ಗ್ರಿಡ್‌ಗೆ ಸಂಬಂಧವೇ ಇಲ್ಲದ ಬಿಡಿ ಸೌರ ಪಂಪ್‌ಸೆಟ್: ಕುಸುಮ್-ಬಿ. ಕರ್ನಾಟಕದಲ್ಲಿ ಇದರ ವೆಚ್ಚದ ಶೇ. 50 ರಾಜ್ಯದ್ದು, ಶೇ. 30 ಕೇಂದ್ರದ್ದು, ಶೇ. 20 ರೈತನದು. ಇನ್ನೊಂದು, ಕುಸುಮ್-ಸಿ ಅಡಿಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ, ಅಲ್ಲಿಂದ ಪಂಪ್‌ಸೆಟ್‌ಗಳಿಗೆಂದೇ ಹೊರಡುವ ಲೈನಿಗೆ, ಅಂದರೆ ಕೃಷಿ ಫೀಡರ್‌ಗೆ, ಹಗಲಿನಲ್ಲಿ ಅದರಿಂದಲೇ ಕರೆಂಟು ಕೊಡುವುದು. ಈ ಎರಡನೆಯದಕ್ಕೆ ಒಂದು ಪೂರ್ವಸಿದ್ಧತೆ ಬೇಕು. ಮನೆಯ ಫೀಡರ್ ಬೇರೆ, ಪಂಪ್‌ಸೆಟ್‌ನ ಫೀಡರ್ ಬೇರೆ ಇರಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ನಮ್ಮ ರಾಜ್ಯ ಆ ಕೆಲಸವನ್ನು ಬಹುಪಾಲು ಕಡೆ ಮೊದಲೇ ಮಾಡಿಕೊಂಡಿತ್ತು.

ಲೆಕ್ಕ ಹೀಗೆ: ಒಂದು ಮೆಗಾವ್ಯಾಟ್ ಘಟಕಕ್ಕೆ ನಾಲ್ಕು ಎಕರೆ ಜಾಗ, ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್. ಐದು ಎಚ್‌ಪಿ ಮೋಟಾರು ಹೆಸರಿಗೆ 3.7 ಕಿಲೋವ್ಯಾಟ್ ಆದರೂ ತಂತಿಯಿಂದ ಎಳೆಯುವುದು ನಾಲ್ಕೂವರೆಯ ಹತ್ತಿರ. ಎರಡು ಮೂರು ಸಲ ರಿವೈಂಡಿಂಗ್ ಆದದ್ದಾದರೆ ಇನ್ನೂ ಹೆಚ್ಚು. ಅಂದರೆ ನಡುಹೊತ್ತಿನಲ್ಲಿ ಒಂದು ಮೆಗಾವ್ಯಾಟ್ ಸುಮಾರು ಇನ್ನೂರು ಪಂಪ್‌ಸೆಟ್ ಓಡಿಸಬಲ್ಲದು. ಕರೆಂಟು ಹುಟ್ಟಿದ ಜಾಗಕ್ಕೂ ಬಳಕೆಯಾಗುವ ಜಾಗಕ್ಕೂ ಕೆಲವೇ ಕಿಲೋಮೀಟರ್ ದೂರವಾದ್ದರಿಂದ 400 ಕೆ.ವಿ. ಲೈನಿನ ಖರ್ಚೂ ಇಲ್ಲ, ದಾರಿಯ ನಷ್ಟವೂ ಕಡಿಮೆ.

ಕೆಡುವುದು ಎಲ್ಲಿ? ಮೊದಲನೆಯದಾಗಿ 11 ಕೆ.ವಿ. ಲೈನಿನಲ್ಲಿ. ಪ್ಯಾನಲ್‌ನ ಡಿ.ಸಿ. ಕರೆಂಟನ್ನು ಲೈನಿನ ಎ.ಸಿ.ಯಾಗಿ ಬದಲಿಸುವ ಇನ್ವರ್ಟರು ಗ್ರಿಡ್‌ನ ವೋಲ್ಟೇಜು ಕಂಡರೆ ಮಾತ್ರ ಕೆಲಸ ಮಾಡುತ್ತದೆ. ಲೈನ್ ಟ್ರಿಪ್ ಆದ ಕೂಡಲೇ ಅದೂ ನಿಲ್ಲುತ್ತದೆ. ಮರದ ಕೊಂಬೆ ತಾಗಿಯೋ ಒಡೆದ ಇನ್ಸುಲೇಟರಿಂದಲೋ ಮಧ್ಯಾಹ್ನ ಒಂದು ತಾಸು ಲೈನ್ ಹೋದರೆ ಆ ತಾಸಿನ ಬಿಸಿಲು ವ್ಯರ್ಥ. ಪ್ಯಾನಲ್ ಹಾಕುವ ಮೊದಲು ಲೈನಿನ ಕೊಂಬೆ ಸವರಿ, ಸಡಿಲವಾದ ಜಂಪರ್ (ತಂತಿಗಳನ್ನು ಜೋಡಿಸುವ ತುಂಡು) ಬಿಗಿಮಾಡದಿದ್ದರೆ ಕಾಗದದ 16 ಲಕ್ಷ ಯೂನಿಟ್ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯದು ಆಟೋ ಸ್ಟಾರ್ಟರ್. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಕಾಲದಲ್ಲಿ ಬಹುತೇಕ ರೈತರು ಇದನ್ನು ಹಾಕಿಸಿಕೊಂಡರು. ತ್ರೀ ಫೇಸ್ ಬಂದ ಕ್ಷಣ ಫೀಡರಿನ ಎಲ್ಲ ಮೋಟಾರುಗಳೂ ಒಟ್ಟಿಗೇ ಮೇಲೇಳುತ್ತವೆ. ಶುರುವಾಗುವಾಗ ಮೋಟಾರು ತನ್ನ ಮಾಮೂಲಿ ಆಂಪಿಯರಿನ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತದೆ, ಇಲ್ಲವೇ ಫೀಡರ್ ಟ್ರಿಪ್ ಆಗಿ ಸೌರ ಘಟಕವೂ ಅದರ ಜೊತೆ ಮಲಗುತ್ತದೆ. ಪರಿಹಾರ ದುಬಾರಿಯೇನಲ್ಲ. ಸ್ಟಾರ್ಟರಿಗೆ ಒಂದೊಂದು ಮೋಟಾರಿಗೂ ಬೇರೆಬೇರೆ ನಿಮಿಷ ತಡವಾಗಿ ಶುರುವಾಗುವ ಟೈಮರ್ ಕೂಡಿಸಬೇಕು, ಐದು ಎಚ್‌ಪಿಗೆ ಎರಡು ಕೆವಿಎಆರ್‌ನ ಕೆಪಾಸಿಟರ್ ಹಾಕಬೇಕು. ಕೆಪಾಸಿಟರ್ ಎಂದರೆ ಸಿಂಗಲ್ ಫೇಸ್‌ನಲ್ಲಿ ಕದ್ದು ಮೋಟಾರು ಓಡಿಸುವ ಡಬ್ಬಿ ಎಂಬ ಹೆಸರು ಹಳ್ಳಿಗಳಲ್ಲಿ ಅಂಟಿಕೊಂಡಿದೆ. ಸರಿಯಾದ ಅಳತೆಯದು ಸರಿಯಾದ ಜಾಗದಲ್ಲಿದ್ದರೆ ವೋಲ್ಟೇಜ್ ಎತ್ತುವ ಅಗ್ಗದ ಉಪಕರಣ ಅದೇ.

ಬಿಡಿ ಸೌರ ಪಂಪ್‌ಸೆಟ್‌ನ ಕಷ್ಟ ಬೇರೆ. ಐದು ಎಚ್‌ಪಿಗೆ ಸುಮಾರು 4.8 ಕಿಲೋವ್ಯಾಟ್ ಪ್ಯಾನಲ್ ಬೇಕು. ಸಹಾಯಧನದ ಲೆಕ್ಕ 7.5 ಎಚ್‌ಪಿಯ ತನಕ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಇಳಿದ ಕೊಳವೆಬಾವಿಗಳಿಗೆ ಇದು ಸಾಲುವುದಿಲ್ಲ. ಬೆಳೆಯಿಲ್ಲದ ತಿಂಗಳುಗಳಲ್ಲಿ ಪ್ಯಾನಲ್ ಸುಮ್ಮನೆ ಬಿಸಿಲು ಕಾಯಿಸುತ್ತದೆ. ಪಂಪಿನ ಜೊತೆಗೆ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಯನ್ನೂ ಓಡಿಸಬಲ್ಲ ಕಂಟ್ರೋಲರು ಈಗ ಸಿಗುತ್ತದೆ, ಅರ್ಜಿ ಹಾಕುವಾಗಲೇ ಅದನ್ನು ಕೇಳುವುದು ಒಳ್ಳೆಯದು. ಎಲ್ಲಕ್ಕಿಂತ ದೊಡ್ಡದು ಅಂತರ್ಜಲದ ಮಾತು. ಏಳು ತಾಸಿನ ಮಿತಿ ಇಷ್ಟು ದಿನ ಮನಸ್ಸಿಲ್ಲದೆಯೇ ಒಂದು ಬ್ರೇಕ್ ಆಗಿತ್ತು. ಬಿಡಿ ಸೌರ ಪಂಪಿಗೆ ಬ್ರೇಕ್ ಇಲ್ಲ, ಬಿಸಿಲಿರುವ ತನಕ ನೀರೆತ್ತುತ್ತದೆ. ಹಾಗಾಗಿ ಲೈನ್ ಇರುವ ಬಯಲುಸೀಮೆಯಲ್ಲಿ ಫೀಡರ್ ಮಟ್ಟದ ಸೌರವೇ ಮೇಲು. ಲೈನಿನಿಂದ ಅರ್ಧ ಕಿಲೋಮೀಟರಿಗಿಂತ ದೂರವಿರುವ ಜಮೀನಿಗೆ ಕಂಬ ಎಳೆಯುವ ಬದಲು ಬಿಡಿ ಸೌರ ಪಂಪ್ ಕೊಡುವ ರಾಜ್ಯದ ಈಗಿನ ನೀತಿ ಆ ಮಟ್ಟಿಗೆ ಸರಿಯಾಗಿದೆ.

ಮನೆಯ ತಾರಸಿ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಅಲ್ಲಿಗೆ 78,000ಕ್ಕೆ ಸಹಾಯಧನ ನಿಲ್ಲುತ್ತದೆ. ಗುಜರಾತ್, ಮಹಾರಾಷ್ಟ್ರ, ಕೇರಳಗಳಿಗೆ ಹೋಲಿಸಿದರೆ ನಮ್ಮ ತಾರಸಿಗಳು ಹಿಂದಿವೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2023ರಿಂದ ಗೃಹ ಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಸೊನ್ನೆಯಾಗಿರುವ ಮನೆಯವರು ಒಂದು ಲಕ್ಷ ಹಾಕಿ ಯಾವ ಬಿಲ್ ಉಳಿಸಬೇಕು? ತಿಂಗಳಿಗೆ 300 ಯೂನಿಟ್ ದಾಟಿಸುವ ಮನೆಗಳಿಗೆ ಮಾತ್ರ ಲೆಕ್ಕ ಕೂಡುತ್ತದೆ. ಮೂರು ಕಿಲೋವ್ಯಾಟ್ ಘಟಕ ತಿಂಗಳಿಗೆ ಸರಾಸರಿ 350 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 25,000. ಸಹಾಯಧನ ಕಳೆದು ಕೈಯಿಂದ ಒಂದರಿಂದ ಒಂದೂಕಾಲು ಲಕ್ಷ ಹೋದರೆ ನಾಲ್ಕೈದು ವರ್ಷದಲ್ಲಿ ಅಸಲು ಬರುತ್ತದೆ.

ಮೂರು ಕಿಲೋವ್ಯಾಟ್ ಎಂದರೆ 540 ವ್ಯಾಟ್‌ನ ಆರು ಪ್ಯಾನಲ್, ನಡುವೆ ಓಡಾಡುವ ಜಾಗವೂ ಸೇರಿ ಇನ್ನೂರೈವತ್ತರಿಂದ ಮುನ್ನೂರು ಚದರಡಿ. ಒಂದೊಂದು ಪ್ಯಾನಲೂ ಏಳೂವರೆ ಅಡಿ ಉದ್ದ, 28 ಕಿಲೋ ತೂಕ. ಮುಖ ದಕ್ಷಿಣಕ್ಕೆ, ಓರೆ ಆ ಊರಿನ ಅಕ್ಷಾಂಶದಷ್ಟು: ಬೆಂಗಳೂರು, ಮಂಗಳೂರಿಗೆ 13 ಡಿಗ್ರಿ, ಕಲಬುರಗಿಗೆ 17. ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆಯಾದರೆ ನಷ್ಟ ಅತ್ಯಲ್ಪ. ನೆರಳು ಹಾಗಲ್ಲ. ಪ್ಯಾನಲ್‌ಗಳು ಸರಪಳಿಯಂತೆ ಜೋಡಿಸಿರುವುದರಿಂದ ನೀರಿನ ಟ್ಯಾಂಕಿನ ನೆರಳು ಒಂದರ ಮೂಲೆಗೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗುತ್ತದೆ. ಒಳಗಿನ ಬೈಪಾಸ್ ಡಯೋಡುಗಳು ಸ್ವಲ್ಪ ಕಾಪಾಡುತ್ತವೆ, ಪೂರ್ತಿಯಲ್ಲ. ಡಿಸೆಂಬರಿನ ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಜಾಗ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ನೋಡಿ ಹಾಕಿಸಿದವರು ಚಳಿಗಾಲದಲ್ಲಿ ಪೇಚಾಡುತ್ತಾರೆ.

ಪ್ಯಾನಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಅದರ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ರಾಯಚೂರಿನ ಏಪ್ರಿಲ್‌ನಲ್ಲಿ ಒಳಗಿನ ಸೆಲ್ 65 ಡಿಗ್ರಿಗೆ ಹೋಗುತ್ತದೆ. ಪ್ರತಿ ಡಿಗ್ರಿಗೂ ಶೇ. 0.3ರಿಂದ 0.35ರಂತೆ ಕಳೆದರೆ ಶೇ. 12ರಿಂದ 14 ಅಲ್ಲೇ ಹೋಯಿತು. ಆದ್ದರಿಂದ ತಾರಸಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿಯಾಡಲು ಎತ್ತರ ಬಿಡಬೇಕು. ಎತ್ತರ ಬಿಟ್ಟರೆ ಮುಂಗಾರಿಗೆ ಮುಂಚಿನ ಬಿರುಗಾಳಿ ಕೆಳಗೆ ನುಗ್ಗಿ ಚೌಕಟ್ಟನ್ನೇ ಎತ್ತುತ್ತದೆ, ಅದಕ್ಕೆ ಕಾಲುಗಳನ್ನು ಕಾಂಕ್ರೀಟ್ ದಿಮ್ಮಿಯಲ್ಲಿ ಕೂರಿಸಬೇಕು. ತಾರಸಿಗೆ ನೇರ ತೂತು ಕೊರೆದು ಬೋಲ್ಟ್ ಬಿಗಿದಲ್ಲಿ ಎರಡನೇ ಮಳೆಗಾಲಕ್ಕೆ ಸೋರಿಕೆ ಶುರುವಾಗುತ್ತದೆ.

ಬೆಂಕಿ ಬೀಳುವುದು ಸಾಮಾನ್ಯವಾಗಿ ಪ್ಯಾನಲ್‌ನಿಂದಲ್ಲ, ಅವುಗಳ ತಂತಿಗಳನ್ನು ಸೇರಿಸುವ ಕನೆಕ್ಟರ್‌ನಿಂದ. ಒಂದು ಕಂಪನಿಯ ಗಂಡಿಗೆ ಇನ್ನೊಂದರ ಹೆಣ್ಣು ಸಿಕ್ಕಿಸಿದರೆ ಕೂತಂತೆ ಕಾಣುತ್ತದೆ. ಒಳಗೆ ಸೂಕ್ಷ್ಮ ಸಂದು ಉಳಿದು ಬಿಸಿಯಾಗಿ ಕರಗುತ್ತದೆ. ಡಿ.ಸಿ. ಕಿಡಿ ಎ.ಸಿ.ಯಂತೆ ತಾನಾಗಿ ಆರುವುದಿಲ್ಲ. ಎರಡೂ ತುದಿ ಒಂದೇ ಕಂಪನಿಯದ್ದೇ ಎಂದು ನಿಂತು ನೋಡಬೇಕು. ಡಿ.ಸಿ.ಗೆ, ಎ.ಸಿ.ಗೆ, ಸಿಡಿಲು ನಿರೋಧಕಕ್ಕೆ ಬೇರೆಬೇರೆ ಮೂರು ಅರ್ಥಿಂಗ್ ಗುಂಡಿ ಬೇಕು. ಎರಡರಲ್ಲೇ ಮುಗಿಸುವ ಗುತ್ತಿಗೆದಾರರು ಬೇಕಾದಷ್ಟು ಮಂದಿ.

ತಾರಸಿ ಸೌರ ಹಾಕಿಸಿದವರು ಹೆಚ್ಚು ಬೇಸರಪಡುವ ಸಂಗತಿ ಒಂದಿದೆ: ಕರೆಂಟು ಹೋದಾಗ ಮಟಮಟ ಬಿಸಿಲಿದ್ದರೂ ಮನೆಯಲ್ಲಿ ಕತ್ತಲೆ. ಇದು ದೋಷವಲ್ಲ. ಲೈನ್ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟು ಹೊಡೆಯಬಾರದು ಎಂದೇ ಇನ್ವರ್ಟರ್ ಹಾಗೆ ನಿಲ್ಲುತ್ತದೆ. ಆಗಲೂ ಕರೆಂಟು ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಖರ್ಚು ಒಮ್ಮೆಗೇ ಏರುತ್ತದೆ.

ಧೂಳಿನ ಊರುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಬೇಕು, ಬೆಳಗ್ಗೆ ಬಿಸಿಲೇರುವ ಮೊದಲು. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಕೊಳವೆಬಾವಿಯ ಗಡಸು ನೀರು ಒಣಗಿ ಬಿಳಿಯ ಪೊರೆ ಕಟ್ಟುತ್ತದೆ, ಆಮೇಲೆ ಅದನ್ನು ಉಜ್ಜಿ ತೆಗೆಯಲಾಗದು. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಮಲೆನಾಡು, ಕರಾವಳಿಯವರಿಗೆ ತೊಳೆಯುವ ಚಿಂತೆ ಕಡಿಮೆ, ಆದರೆ ಜೂನ್‌ನಿಂದ ಆಗಸ್ಟ್ ತನಕ ಉತ್ಪಾದನೆ ತೀರಾ ಬೀಳುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ಕಾಗದಪತ್ರ: 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲವೆಂದು 2024ರ ತಿದ್ದುಪಡಿ ಹೇಳುತ್ತದೆ. ಅರ್ಜಿ ನಿಲ್ಲುವುದು ಬೇರೆ ಕಡೆ. ಆರ್‌.ಆರ್‌. ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಮೊಮ್ಮಗನದು. ಹೆಸರು ಬದಲಾವಣೆ ಮೊದಲು ಮುಗಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಕೂಡಿಡುವ ಎರಡು ಬಗೆ

ಪಂಪ್‌ಸೆಟ್ ಸರಿಸಿ, ಜಲವಿದ್ಯುತ್ ಉಳಿಸಿ, ಅದಾದ ಮೇಲೂ ಸಂಜೆಗೆ ಸಾಲದಿದ್ದರೆ ಕೂಡಿಡಲೇಬೇಕು. ಮಧ್ಯಾಹ್ನದ ಹೆಚ್ಚುವರಿ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಬಿಡುವುದು ಒಂದು ಬಗೆ. ಲಿಥಿಯಂ ಬ್ಯಾಟರಿಯ ಕಂಟೈನರುಗಳು ಇನ್ನೊಂದು.

ಮೊದಲನೆಯದರ ನಮ್ಮ ಉದಾಹರಣೆ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್. ಎರಡರ ನಡುವಿನ ಎತ್ತರ 460 ಮೀಟರಿನ ಆಸುಪಾಸು. ಸಾವಿರ ಲೀಟರ್ ನೀರು ಅಷ್ಟೆತ್ತರದಿಂದ ಇಳಿದರೆ ಸಿಗುವುದು ಸುಮಾರು 1.1 ಯೂನಿಟ್. ಆರು ತಾಸು ಪೂರ್ಣ ಶಕ್ತಿಯಲ್ಲಿ ಓಡಿಸಲು ಬೇಕಾದ ನೀರು 0.4 ಟಿಎಂಸಿಗೂ ಕಡಿಮೆ, ಅದೂ ಖರ್ಚಾಗದೆ ಮೇಲೆ ಕೆಳಗೆ ಓಡಾಡುವ ನೀರು. ಎತ್ತಲು ನೂರು ಯೂನಿಟ್ ಹಾಕಿದರೆ ವಾಪಸು 75ರಿಂದ 80. ಎಂಜಿನಿಯರಿಂಗ್ ಕಣ್ಣಿಗೆ ಎರಡೂ ಜಲಾಶಯ ಸಿದ್ಧವಿರುವ ಇಂಥ ಜಾಗ ಆಸೆ ಹುಟ್ಟಿಸುವಂಥದ್ದೇ. ಆದರೆ ಆ ಸುರಂಗಗಳು ಹಾಯುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಸಾವಿರಾರು ಮರ ಹೋಗುತ್ತವೆ. ಮರಗಳ ನೆತ್ತಿಯ ಮೇಲೇ ಬದುಕುವ ಸಿಂಗಳೀಕಕ್ಕೆ ಕಾಡಿನ ನಡುವಿನ ಒಂದು ರಸ್ತೆಯೂ ಗೋಡೆಯಿದ್ದಂತೆ. ಮಳೆಗಾಲದಲ್ಲಿ ಜರಿಯುವ ಘಟ್ಟದ ಗುಡ್ಡಗಳಲ್ಲಿ ಸುರಂಗ ತೋಡಿದ ಮಣ್ಣು ಎಲ್ಲಿ ಹಾಕುವುದು ಎಂಬ ಪ್ರಶ್ನೆಯೂ ಇದೆ.

ಐದು ವರ್ಷದ ಹಿಂದೆ ಇದಕ್ಕೆ ಬದಲಿ ಇಲ್ಲ ಎಂದು ವಾದಿಸಬಹುದಿತ್ತು. ಈಗ ಆ ವಾದ ಸಡಿಲವಾಗಿದೆ. 2022ರಲ್ಲಿ ಭಾರತೀಯ ಸೌರಶಕ್ತಿ ನಿಗಮದ ಟೆಂಡರಿನಲ್ಲಿ ಎರಡು ತಾಸಿನ (ಪೂರ್ಣ ಶಕ್ತಿಯಲ್ಲಿ ಎರಡು ತಾಸು ಕರೆಂಟು ಕೊಡಬಲ್ಲ) ಬ್ಯಾಟರಿಗೆ ತಿಂಗಳಿಗೆ ಪ್ರತಿ ಮೆಗಾವ್ಯಾಟ್‌ಗೆ ಸುಮಾರು 10.8 ಲಕ್ಷ ರೂಪಾಯಿ ಬಾಡಿಗೆ ಬಂದಿತ್ತು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ದೇಶದ ಟೆಂಡರುಗಳಲ್ಲಿ ಅದು 2.2 ಲಕ್ಷದ ಹತ್ತಿರಕ್ಕೆ ಬಿತ್ತು, ಕೇಂದ್ರದ ನೆರವೂ ಸೇರಿದ ದರ ಅದು. ದಿನಕ್ಕೊಮ್ಮೆ ತುಂಬಿ ಖಾಲಿ ಮಾಡಿದರೆ ತಿಂಗಳಿಗೆ 60,000 ಯೂನಿಟ್, ಅಂದರೆ ಯೂನಿಟ್‌ಗೆ 18 ರೂಪಾಯಿ ಇದ್ದ ಕೂಡಿಡುವ ಖರ್ಚು ಈಗ ಮೂರೂ ಮುಕ್ಕಾಲಿಗೂ ಕಡಿಮೆ. ಎರಡೂವರೆ ರೂಪಾಯಿಯ ಸೌರ, ದಾರಿಯಲ್ಲಿ ಶೇ. 15 ನಷ್ಟ, ಮೇಲೆ ಈ ಬಾಡಿಗೆ ಎಲ್ಲ ಸೇರಿ ಸಂಜೆಯ ಯೂನಿಟ್ ಆರೂವರೆ ರೂಪಾಯಿಯ ಹತ್ತಿರ ಬೀಳುತ್ತದೆ. ವಿನಿಮಯ ಕೇಂದ್ರದ ಹತ್ತು ರೂಪಾಯಿಗಿಂತ ಇದು ಕಡಿಮೆ.

ಬ್ಯಾಟರಿಗೆ ತನ್ನದೇ ಕಾಯಿಲೆಗಳಿವೆ. ಎರಡು ತಾಸಿಗೆ ಅಗ್ಗ, ಎಂಟು ತಾಸಿಗೆ ಅಲ್ಲ. ಕಲಬುರಗಿಯ ಬಿಸಿಲಿನಲ್ಲಿ ಅದನ್ನು ತಣ್ಣಗಿಡಲೇ ಕರೆಂಟು ಬೇಕು, ತಣ್ಣಗಿಡದಿದ್ದರೆ ಆಯುಸ್ಸು ಕುಗ್ಗುತ್ತದೆ. ಈಗ ಬಳಕೆಯಲ್ಲಿರುವ ಕಬ್ಬಿಣ-ಫಾಸ್ಫೇಟ್ ಬಗೆ ಹಳೆಯ ನಿಕಲ್ ಬಗೆಯಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಕೆಟ್ಟಾಗ ಬಿಡುವ ಅನಿಲ ಮುಚ್ಚಿದ ಕಂಟೈನರಿನಲ್ಲಿ ಸ್ಫೋಟಿಸಬಲ್ಲದು. ಸೆಲ್‌ಗಳ ಬಹುಪಾಲು ಚೀನಾದಿಂದ ಬರಬೇಕು. ಇಷ್ಟಾದರೂ ಬ್ಯಾಟರಿಯನ್ನು ಈಗಿರುವ ಸಬ್‌ಸ್ಟೇಷನ್‌ನ ಖಾಲಿ ಜಾಗದಲ್ಲಿ ಎರಡು ವರ್ಷದೊಳಗೆ ನಿಲ್ಲಿಸಬಹುದು, ಬೇಡವೆಂದರೆ ಎತ್ತಿ ಬೇರೆಡೆ ಇಡಬಹುದು. ಘಟ್ಟದ ಸುರಂಗವನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಕಾಡಿಲ್ಲದ ಒಣ ಗುಡ್ಡಗಳಲ್ಲಿ ಎರಡು ಸಣ್ಣ ಕೆರೆ ಕಟ್ಟಿ ಮಾಡುವ ಪಂಪ್ಡ್ ಸ್ಟೋರೇಜಿಗೆ ಈ ಆಕ್ಷೇಪ ಅಷ್ಟಾಗಿ ಅನ್ವಯಿಸುವುದಿಲ್ಲ. ಶರಾವತಿಗೆ ಅನ್ವಯಿಸುತ್ತದೆ.

ಯಾರ ಜಮೀನು, ಯಾರ ಕಸ

ಪಾವಗಡದಲ್ಲಿ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ದೇಶಕ್ಕೇ ಮಾದರಿ ಎನಿಸಿಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಶೇಂಗಾ ಹಾಕಿ ಕೈ ಸುಟ್ಟುಕೊಳ್ಳುತ್ತಿದ್ದ ಜಮೀನ್ದಾರನಿಗೆ ಇದು ಒಳ್ಳೆಯ ಆದಾಯ. ಹೆಸರಿನಲ್ಲಿ ಪಹಣಿ ಇಲ್ಲದ ಕೂಲಿಯವರಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಮೊದಲಿನ ಕೂಲಿಯೂ ಇಲ್ಲ. ಪ್ಯಾನಲ್ ತೊಳೆಯುವ, ಹುಲ್ಲು ಕೀಳುವ ಕೆಲಸ ಅಷ್ಟೂ ಮಂದಿಗೆ ಸಾಲುವುದಿಲ್ಲ. ಪ್ಯಾನಲ್ ಸಾಲುಗಳ ನಡುವೆ ಕುರಿ ಬಿಟ್ಟರೆ ಹುಲ್ಲೂ ತಗ್ಗುತ್ತದೆ, ಕುರಿಗೂ ಮೇವಾಗುತ್ತದೆ. ಕೇಬಲ್ಲುಗಳನ್ನು ಮೂರಡಿ ಎತ್ತರಕ್ಕೆ ಕಟ್ಟಿದರೆ ಸಾಕು. ಮುಂದಿನ ಪಾರ್ಕುಗಳ ಟೆಂಡರಿನಲ್ಲೇ ಇದನ್ನು ಷರತ್ತಾಗಿ ಬರೆಯಲು ಅಡ್ಡಿ ಏನೂ ಇಲ್ಲ.

ಪ್ಯಾನಲ್‌ನ ಆಯುಸ್ಸು ಸುಮಾರು 25 ವರ್ಷ. ತೂಕದಲ್ಲಿ ಮುಕ್ಕಾಲು ಪಾಲು ಗಾಜು, ಸ್ವಲ್ಪ ಅಲ್ಯೂಮಿನಿಯಂ, ಚೂರು ಬೆಳ್ಳಿ ಮತ್ತು ಸೀಸ. 2022ರ ಇ-ತ್ಯಾಜ್ಯ ನಿಯಮ ಸದ್ಯಕ್ಕೆ ಹಳೆಯ ಪ್ಯಾನಲ್‌ಗಳನ್ನು 2034-35ರವರೆಗೆ ಜೋಪಾನವಾಗಿ ಶೇಖರಿಸಿಡಿ ಎಂದು ತಯಾರಕರಿಗೆ ಹೇಳಿದೆ. ಒಡೆದು ಬೆಳ್ಳಿ ಬೇರ್ಪಡಿಸುವ ಖರ್ಚು ಅದರಿಂದ ಬರುವ ಹಣಕ್ಕಿಂತ ಈಗ ಹೆಚ್ಚು. ಅದು ಹಾಗೆಯೇ ಉಳಿದರೆ ಒಡೆದ ಪ್ಯಾನಲ್ ಗುಜರಿಯವನ ಕೈಗೆ ಹೋಗಿ, ಚೌಕಟ್ಟಿನ ಅಲ್ಯೂಮಿನಿಯಂ ಕಿತ್ತು, ಉಳಿದದ್ದು ಊರಾಚೆಯ ಹಳ್ಳಕ್ಕೆ ಬೀಳುತ್ತದೆ.

ಕೊನೆಗೆ ಮೀಟರಿನ ಮಾತು. ಸೌರವಿರುವ ಎಂಟು ತಾಸು ದರ ಶೇ. 20ರಷ್ಟಾದರೂ ಕಡಿಮೆ, ಸಂಜೆಯ ಹೊತ್ತಿಗೆ ಹೆಚ್ಚು ಎಂಬ ನಿಯಮವನ್ನು ಕೇಂದ್ರ 2023ರಲ್ಲೇ ತಂದಿದೆ. 10 ಕಿಲೋವ್ಯಾಟ್ ಮೀರಿದ ವ್ಯಾಪಾರ, ಕೈಗಾರಿಕೆಗಳಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಎಂಬುದು ಗಡುವು. ಮನೆಗೆ ಇದು ತಲುಪುವುದು ಗಂಟೆಯ ಲೆಕ್ಕ ಇಡಬಲ್ಲ ಸ್ಮಾರ್ಟ್ ಮೀಟರ್ ಕೂತ ಮೇಲೆ ಮಾತ್ರ. ಅಲ್ಲಿಯ ತನಕ ಗೀಸರ್, ವಾಷಿಂಗ್ ಮಷೀನ್, ಸಂಪಿನ ಮೋಟಾರು, ಸ್ಕೂಟರಿನ ಚಾರ್ಜಿಂಗ್ ಇವನ್ನು ಮಧ್ಯಾಹ್ನಕ್ಕೆ ಸರಿಸಿದವರಿಗೂ ರಾತ್ರಿ ಎಂಟಕ್ಕೆ ಎಲ್ಲವನ್ನೂ ಒಟ್ಟಿಗೆ ಹಾಕಿದವರಿಗೂ ಬೆಸ್ಕಾಂನ ಬಿಲ್ಲು ಒಂದೇ ರೀತಿ ಬರುತ್ತದೆ. ಸ್ಮಾರ್ಟ್ ಮೀಟರಿನ ಬೆಲೆ ಯಾರು ಕೊಡಬೇಕೆಂಬ ಜಗಳ ರಾಜ್ಯದಲ್ಲಿ ಸಾಕಷ್ಟು ನಡೆದಿದೆ. ಅದು ಕೂತ ಮನೆಗೆ ಮಧ್ಯಾಹ್ನದ ಯೂನಿಟ್ ಎಷ್ಟಕ್ಕೆ ಸಿಗುತ್ತದೆಂದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಮುದ್ರಿಸುವುದು ಎಸ್ಕಾಂಗಳು ಮೊದಲು ಮಾಡಬೇಕಾದ ಕೆಲಸ.